ಅಳಿಯನ ಗ್ರಾಫಿಕ್ಸ್ ಕಾರ್ಡು

ಐವತ್ತೆಂಟನೆಯ ವಯಸ್ಸಿಗೆ ಮನುಷ್ಯ ತನ್ನ ರಕ್ತದ ಸಕ್ಕರೆ, ಮೊಣಕಾಲು, ಪಿಂಚಣಿ ಇಂಥವುಗಳ ಬಗ್ಗೆ ಓದಿಕೊಳ್ಳಬೇಕು. ನಾನು ಹೋದ ಶ್ರಾವಣದಿಂದ ದೀಪಾವಳಿಯವರೆಗೆ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಓದಿಕೊಂಡೆ. ನನಗೆ ಕಂಪ್ಯೂಟರಿನ ಒಂದೇ ಒಂದು ಆಟವೂ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಫೀಸಿಗೆ ಹೊಸದಾಗಿ ಕಂಪ್ಯೂಟರ್ ಬಂದಾಗ ಎಲ್ಲರೂ ಕದ್ದುಮುಚ್ಚಿ ಇಸ್ಪೀಟಿನೆಲೆ ಜೋಡಿಸುವ ಆಟ ಆಡುತ್ತಿದ್ದರು. ನನಗೆ ಅದು ಒಮ್ಮೆಯೂ ಮುಗಿಯಲಿಲ್ಲ. ಹಾಗಿದ್ದೂ ಇವತ್ತು ಯಾರಾದರೂ ನನ್ನನ್ನು ಬೆಳಗಾವಿಯ ರಾಮತೀರ್ಥ ನಗರದ ಬಸ್ ಸ್ಟಾಪಿನಲ್ಲಿ ಹಿಡಿದು, ಕಡಿಮೆ ಖರ್ಚಿನಲ್ಲಿ ಆಟದ ಕಂಪ್ಯೂಟರ್ ಕಟ್ಟಿಸಬೇಕು, ಯಾವ ಪ್ರೊಸೆಸರ್ ತಗೊಳ್ಳಲಿ ಎಂದು ಕೇಳಿದರೆ, ಅವರ ಬಸ್ಸೂ ನನ್ನ ಬಸ್ಸೂ ತಪ್ಪುವವರೆಗೆ ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಅದೊಂದೇ ಬೇಜಾರು.

ಇಷ್ಟಕ್ಕೆಲ್ಲ ಕಾರಣ ನನ್ನ ಅಳಿಯ. ಮಗಳು ಅಕ್ಷತಾಳನ್ನು ಹೋದ ಬೇಸಿಗೆಯಲ್ಲಿ ಖಾನಾಪುರಕ್ಕೆ ಕೊಟ್ಟೆವು. ಬೀಗರದು ಊರ ಹೊರಗೆ ಇಟ್ಟಿಗೆ ಭಟ್ಟಿ. ನಮ್ಮವರೇ, ಮನೆಯಲ್ಲಿ ಲಿಂಗಪೂಜೆ, ಹಣೆಯಲ್ಲಿ ವಿಭೂತಿ, ಎಲ್ಲ ನಮ್ಮಂತೆಯೇ. ಒಳಗಿನ ಮಾತು ಮಾತ್ರ ಮರಾಠಿ. ನಮ್ಮ ಸೀಮೆಯಲ್ಲಿ ಇದು ಸೋಜಿಗವಲ್ಲ. ಕನ್ನಡದಲ್ಲಿ ಪೂಜೆ ಮುಗಿಸಿ ಮರಾಠಿಯಲ್ಲಿ ನಾಷ್ಟಾ ಕೇಳುವ ಮನೆಗಳು ಬೇಕಾದಷ್ಟಿವೆ. ಅಳಿಯ ಸಾಗರ ಬಂಗಾರದಂಥ ಹುಡುಗ. ಚಟವಿಲ್ಲ, ಎತ್ತರದ ದನಿಯಿಲ್ಲ, ಮಗಳನ್ನು ಕಣ್ಣಲ್ಲಿಟ್ಟು ನೋಡಿಕೊಳ್ಳುತ್ತಾನೆ. ಅವನಲ್ಲಿ ನಾನು ಕಂಡ ಒಂದೇ ಐಬು ಎಂದರೆ ವಿಪರೀತ ಮರ್ಯಾದೆ.

ನಮ್ಮ ಮನೆಗೆ ಬಂದರೆ ಅವನು ಸೋಫಾದ ಅಂಚಿನ ಮೇಲೆ ಕೂರುತ್ತಿದ್ದ. ಅಂಚು ಎಂದರೆ ಬರೀ ಅಂಚು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಕೂರುತ್ತಾರಲ್ಲ, ಹಾಗೆ. ಎದುರಿಗೆ ನಾನು. ನಮ್ಮಿಬ್ಬರ ಸಂಭಾಷಣೆ ಪ್ರತಿಸಲವೂ ಒಂದೇ.

“ಭಟ್ಟಿ ಬಂದ್ ಐತೇನ್ರಿ?”

“ಬಂದ್ ಐತ್ರಿ.”

“ಆ ಕಡೆ ಮಳಿ ಭಾಳ ಅಂತಲ್ರಿ?”

“ಭಾಳ ಐತ್ರಿ.”

ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರೂ ಫ್ಯಾನು ನೋಡುತ್ತಿದ್ದೆವು. ನಾನೇನು ಕಡಿಮೆ ಮಾತಿನವನಲ್ಲ. ಉದ್ಯಮಬಾಗದ ಫೌಂಡ್ರಿಯೊಂದರ ಖರೀದಿ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದವನು. ಮರಳು ಮಾರುವವನು, ಗುಜರಿ ಮಾರುವವನು, ಬೀಡು ಕಬ್ಬಿಣ ಮಾರುವವನು, ಎಲ್ಲರನ್ನೂ ಮಾತಿನಲ್ಲೇ ಸುಸ್ತು ಮಾಡಿ ದರ ಇಳಿಸಿದವನು. ಅಂಥ ನನಗೆ ಸ್ವಂತ ಅಳಿಯನ ಎದುರು ಮೂರನೆಯ ವಾಕ್ಯ ಹೊಳೆಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಜೊತೆ ಹರಟುತ್ತಿದ್ದ ಅಕ್ಷತಾ ಹೊರಗೆ ಇಣುಕಿ ನೋಡುವಳು. ಗಂಡ ಅಂಚಿನ ಮೇಲೆ, ಅಪ್ಪ ಫ್ಯಾನಿನ ಕಡೆ. ಅವಳಿಗೆ ಪಾಪ ಅನ್ನಿಸಿ, ಕುದಿಯುವ ಚಹಾ ಕೆಳಗಿಳಿಯುವ ಮೊದಲೇ “ಹೋಗೂಣೇನ್ರಿ?” ಎಂದು ಎದ್ದುಬಿಡುವಳು. ಖಾನಾಪುರ ಎಷ್ಟು ದೂರ, ಒಂದು ತಾಸಿನ ದಾರಿ. ಆದರೂ ಮಗಳು ಬಂದದ್ದೇ ತಿಳಿಯದ ಹಾಗೆ ಹೋಗುತ್ತಿದ್ದಳು. ಅವಳ ಚಪ್ಪಲಿಯ ಸಪ್ಪಳ ಗೇಟು ದಾಟಿದ ಮೇಲೆ ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಇದನ್ನು ಹೆಂಡತಿಯ ಮುಂದೆ ಹೇಳಲಿಲ್ಲ, ಏಕೆಂದರೆ ಅವಳಿಗೂ ಅದೇ ಆಗುತ್ತಿತ್ತು.

ಶ್ರಾವಣದಲ್ಲಿ ಅಕ್ಷತಾ ಫೋನಿನಲ್ಲಿ ತಾಯಿಗೆ ಏನೋ ಹೇಳುತ್ತ, ಮಳೆಗಾಲದಲ್ಲಿ ಭಟ್ಟಿ ಬಂದ್ ಇರುವುದರಿಂದ ಇವರು ಇಡೀ ದಿನ ಮೊಬೈಲಿನಲ್ಲಿ ಕಾರ್ ಓಡಿಸುವ ಆಟ ಆಡುತ್ತಾರೆ, ಕಣ್ಣು ಹಾಳಾಗುತ್ತವೆ ಎಂದಳಂತೆ. ಕಾಲೇಜಿಗೆ ಬೆಳಗಾವಿಯಲ್ಲಿದ್ದಾಗ ಅವನ ಹತ್ತಿರ ಒಂದು ಕಂಪ್ಯೂಟರ್ ಇತ್ತು, ಊರಿಗೆ ಒಯ್ದ ಮೇಲೆ ಖಾನಾಪುರದ ತಂಪಿಗೆ ಒಳಗೆಲ್ಲ ಬೂಷ್ಟು ಹಿಡಿದು ಸತ್ತುಹೋಯಿತು ಎಂದೂ ಹೇಳಿದಳಂತೆ. ನನ್ನ ತಲೆಯಲ್ಲಿ ಬಲ್ಬು ಹತ್ತಿದ್ದು ಆಗ. ದೀಪಾವಳಿಗೆ ಇನ್ನೆರಡು ತಿಂಗಳಿತ್ತು. ಮೊದಲ ದೀಪಾವಳಿಗೆ ಅಳಿಯನನ್ನು ಕರೆದು, ಎಣ್ಣೆ ಹಚ್ಚಿ, ನೀರೆರೆದು, ಏನಾದರೂ ಬೆಲೆಬಾಳುವಂಥದ್ದು ಕೊಡಬೇಕಾದದ್ದು ನಮ್ಮಲ್ಲೂ ಪದ್ಧತಿ, ಬೀಗರಲ್ಲೂ ಪದ್ಧತಿ. ಹೆಂಡತಿ ಗಿರಿಜಾ ಅರ್ಧ ತೊಲೆಯ ಉಂಗುರ ಎಂದು ಮೊದಲೇ ತೀರ್ಮಾನಿಸಿದ್ದಳು. ಆ ಅರ್ಧ ತೊಲೆಯನ್ನು ಕಂಪ್ಯೂಟರ್ ಮಾಡೋಣ ಎಂದೆ.

“ಕಂಪ್ಯೂಟರ್ ಕೊಟ್ಟ್ರ ಖಾನಾಪುರದಾಗ ಮತ್ತ ಬೂಷ್ಟ ಹಿಡೀತೈತಿ” ಎಂದಳು ಗಿರಿಜಾ.

“ಅದಕ್ಕ ಇಲ್ಲೇ ಇಡೂಣು. ಅಕ್ಷತಾನ ಖೋಲ್ಯಾಗ.”

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. “ಅಂದ್ರ ಅಳ್ಯಾಗ ಕೊಟ್ಟ ಉಡುಗೊರಿ ನಮ್ಮ ಮನ್ಯಾಗ ಇರೂದು. ಆಡಾಕ ಅಂವ ಬರೂದು, ಅವನ ಬೆನ್ನ ಹಿಂದ ಮಗಳು ಬರೂದು.”

“ಛೆ, ಹಂಗೇನಿಲ್ಲ.”

“ಹಂಗ ಐತಿ. ಇರ್ಲಿ, ಛಲೋ ವಿಚಾರನ ಐತಿ” ಎಂದು ಅವಳು ಒಪ್ಪಿದಳು. ಹೀಗೆ ಕೊಟ್ಟವರ ಮನೆಯಲ್ಲೇ ಉಳಿಯುವ ಉಡುಗೊರೆ ಎಂಬ ಹೊಸ ಪದ್ಧತಿ ನಮ್ಮ ಮನೆತನದಲ್ಲಿ ಶುರುವಾಯಿತು.

ಅಳಿಯನನ್ನೇ ಕೇಳಿದ್ದರೆ ಎಲ್ಲ ಸುಲಭವಿತ್ತು ಎಂದು ನೀವು ಅನ್ನಬಹುದು. ನಿಮಗೆ ಅಳಿಯ ಇಲ್ಲವೆಂದು ಕಾಣುತ್ತದೆ. ಏನು ಬೇಕು ಎಂದು ಮಾವ ಕೇಳಿದರೆ ಅಳಿಯ “ಏನೂ ಬ್ಯಾಡ್ರಿ” ಅನ್ನಬೇಕು. “ಹಂಗಂದ್ರ ಹೆಂಗ್ರಿ” ಎಂದು ಮಾವ ಅನ್ನಬೇಕು. “ನಿಮ್ಮ ಆಶೀರ್ವಾದ ಇದ್ದ್ರ ಸಾಕ್ರಿ” ಎಂದು ಅಳಿಯ ಅನ್ನಬೇಕು. ಆಶೀರ್ವಾದಕ್ಕೆ ಎಷ್ಟು ಕೋರು, ಎಷ್ಟು ಜಿಬಿ ಎಂದು ಮುಂದೆ ಕೇಳಲು ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ನಾನೇ ಕಲಿಯಬೇಕಾಯಿತು.

ಕಲಿಕೆ ಮೊಬೈಲಿನ ವಿಡಿಯೋಗಳಿಂದ ಶುರುವಾಯಿತು. ಅಲ್ಲಿ ಪಾಠ ಹೇಳುವವರೆಲ್ಲ ನನ್ನ ಮಗಳಿಗಿಂತ ಚಿಕ್ಕವರು. ಹಿಂದಿಯಲ್ಲಿ ಕೂಗುತ್ತಾರೆ. ಯಾವುದೋ ಅನಾಹುತ ಆದವರಂತೆ ಬಾಯಿ ತೆರೆದು ನಿಂತ ಅವರ ಫೋಟೋ ಪ್ರತಿ ವಿಡಿಯೋದ ಮೇಲೂ ಇರುತ್ತದೆ. ಅನಾಹುತವೇನೆಂದು ಗಾಬರಿಯಿಂದ ಒತ್ತಿದರೆ ಒಂದು ಕಾರ್ಡಿಗಿಂತ ಇನ್ನೊಂದು ಕಾರ್ಡು ತುಸು ಜೋರಾಗಿ ಓಡಿತು ಎಂದಿರುತ್ತದೆ, ಅಷ್ಟೇ. ನಾನು ಊಟದ ತಟ್ಟೆಯ ಬಾಜು ಮೊಬೈಲ್ ನಿಲ್ಲಿಸಿಕೊಂಡು ಕೇಳುತ್ತಿದ್ದೆ. ಗಿರಿಜಾ ಭಕ್ರಿ ಬಡಿಸುತ್ತ, “ಇವ್ರು ಯಾಕ ಇಷ್ಟ ಸಿಟ್ಟಿಗೆದ್ದಾರ?” ಎಂದು ಕೇಳುತ್ತಿದ್ದಳು.

ನಿಧಾನಕ್ಕೆ ತಿಳಿಯತೊಡಗಿತು. ಪ್ರೊಸೆಸರ್ ಎಂದರೆ ಲೆಕ್ಕ ಹಾಕುವ ತಲೆ, ಕೋರು ಎಂದರೆ ಆ ತಲೆಯೊಳಗೆ ಒಟ್ಟಿಗೆ ದುಡಿಯುವ ಆಳುಗಳು. ಗ್ರಾಫಿಕ್ಸ್ ಕಾರ್ಡು ಎಂದರೆ ಚಿತ್ರ ಬಿಡಿಸುವ ಕೈ. ಆಟದಲ್ಲಿ ಕಾರು ತಿರುವಿನಲ್ಲಿ ತಿರುಗಿತು ಎಂದು ತಲೆ ಹೇಳುತ್ತದೆ. ತಿರುವನ್ನೂ, ಕಾರನ್ನೂ, ಕಾರಿನ ಮೇಲೆ ಬಿದ್ದ ಮರದ ನೆರಳನ್ನೂ ಕೈ ಬರೆಯುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರ ಬರೆದು ತೋರಿಸಿತು ಎಂಬುದರ ಮೇಲೆ ಆಟ ನುಣ್ಣಗೆ ಹರಿಯುತ್ತದೋ ತಡವರಿಸುತ್ತದೋ ಎಂಬುದು ನಿಂತಿದೆ. ಇವೆರಡರ ಜೋಡಿ ಕೂಡಬೇಕು. ಇದು ತಿಳಿದಾಗ ನನಗೆ ನಮ್ಮ ಫೌಂಡ್ರಿಯೇ ಕಂಡಂತಾಯಿತು. ಕುಲುಮೆ ಎಷ್ಟೇ ದೊಡ್ಡದಿರಲಿ, ಆ ಕಡೆ ಮರಳಿನ ಅಚ್ಚು ಸಿದ್ಧವಿಲ್ಲದಿದ್ದರೆ ಕರಗಿದ ಕಬ್ಬಿಣ ಹಿಡಿದುಕೊಂಡು ನಿಲ್ಲಬೇಕು. ಅಚ್ಚು ಸಾಲಾಗಿ ಸಿದ್ಧವಿದ್ದು ಕುಲುಮೆ ಸಣ್ಣದಾದರೆ ಅಚ್ಚಿನವರು ಬೀಡಿ ಸೇದುತ್ತ ಕೂರುತ್ತಾರೆ. ಸಾಧಾರಣ ಪ್ರೊಸೆಸರಿಗೆ ಭಾರಿ ಕಾರ್ಡು ಹಾಕುವುದು, ಭಾರಿ ಪ್ರೊಸೆಸರಿಗೆ ಬಡ ಕಾರ್ಡು ಹಾಕುವುದು, ಎರಡೂ ರೊಕ್ಕ ಸುಡುವ ಕೆಲಸ. ಈ ಜ್ಞಾನ ಬಂದ ದಿನ ನಾನು ಆಫೀಸಿನಲ್ಲಿ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ನಡೆದೆ.

ಆದರೆ ಯಾವ ಜೋಡಿ? ಪ್ರೊಸೆಸರಿನಲ್ಲಿ ನೀಲಿ ಡಬ್ಬಿಯ ಕಂಪನಿ, ಕೆಂಪು ಡಬ್ಬಿಯ ಕಂಪನಿ ಎಂದು ಎರಡು. ಇವುಗಳ ಅಭಿಮಾನಿಗಳು ಒಬ್ಬರನ್ನೊಬ್ಬರು ಬೈಯುವುದನ್ನು ಓದಿದರೆ ಗ್ರಾಮ ಪಂಚಾಯ್ತಿ ಚುನಾವಣೆ ಸಭ್ಯವಾಗಿ ಕಾಣುತ್ತದೆ. ಕಾರ್ಡಿನಲ್ಲಿ ಹಸಿರು ಡಬ್ಬಿಯವರು ಇನ್ನೊಂದು ಬಣವಾಗಿ ಸೇರಿಕೊಳ್ಳುತ್ತಾರೆ. ನಾಲ್ಕು ಕೋರಿನ ಪ್ರೊಸೆಸರ್ ಸಾಕು ಎಂದು ಸೋಮವಾರ ನಿರ್ಧರಿಸಿದರೆ, ಆರು ಕೋರು ಇಲ್ಲದವನು ಮನುಷ್ಯನೇ ಅಲ್ಲ ಎಂದು ಮಂಗಳವಾರದ ವಿಡಿಯೋ ಹೇಳುತ್ತಿತ್ತು. ಕಾರ್ಡಿಗೆ ಆರು ಜಿಬಿ ಮೆಮರಿ ಧಾರಾಳವಾಯಿತು ಎಂದು ಒಬ್ಬ. ಎಂಟಿಲ್ಲದಿದ್ದರೆ ಮುಂದಿನ ವರ್ಷ ಅಳುತ್ತೀರಿ ಎಂದು ಇನ್ನೊಬ್ಬ. ಮಗಳ ಮದುವೆಯಲ್ಲೂ ನಾನು ಇಷ್ಟು ಯೋಚಿಸಿರಲಿಲ್ಲ. ಅಲ್ಲಿ ಹುಡುಗನನ್ನು ನೋಡಿದ ದಿನವೇ ಒಪ್ಪಿಬಿಟ್ಟಿದ್ದೆವು. ಹಳೆಯ ಕಾರ್ಡು ಅಗ್ಗಕ್ಕೆ ಸಿಗುತ್ತದೆ ಎಂಬ ಆಸೆಯೂ ನಡುವೆ ಬಂದುಹೋಯಿತು. ಗುಜರಿ ಕೊಳ್ಳುವುದರಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ನನಗೆ, ಒರೆಸಿ ಹೊಳಪು ಮಾಡಿದ ಮಾಲನ್ನು ಕಂಡರೆ ಮೊದಲು ಭಯ, ಆಮೇಲೆ ಆಸೆ. ಇಲ್ಲಿ ಭಯವೇ ಗೆದ್ದಿತು.

ಕಡೆಗೆ ಬೆಳಗಾವಿಯ ಅಂಗಡಿಗಳಿಗೆ ಇಳಿದೆ. ಖರೀದಿ ವಿಭಾಗದವನು ಮೂರು ಕೊಟೇಶನ್ ಇಲ್ಲದೆ ಕೊತ್ತಂಬರಿಯನ್ನೂ ಕೊಳ್ಳುವುದಿಲ್ಲ. ಮೂರು ಅಂಗಡಿ ಹತ್ತಿ ಇಳಿದು, ಒಬ್ಬನ ದರ ಇನ್ನೊಬ್ಬನಿಗೆ ಹೇಳಿ, ಇಬ್ಬರ ದರವನ್ನೂ ಮೂರನೆಯವನ ಎದುರಿಗಿಟ್ಟು, ಮೂವರ ಮೈಯೂ ಉರಿಯುವಂತೆ ಮಾಡಿದೆ. ಕಾಲೇಜ್ ರೋಡಿನ ಅಂಗಡಿಯ ಮಾಲಕ ಮಾತ್ರ ಕುರ್ಚಿ ಹಾಕಿ ಕೂರಿಸಿದ.

“ಯಾವ ಆಟ ಆಡ್ತೀರಿ ಸರ?”

“ಆಡಾಂವ ನಾ ಅಲ್ರಿ. ನಮ್ಮ ಅಳ್ಯಾ.”

“ಮತ್ತ ಅವರನ್ನ ಕರಕೊಂಡ ಬರ್ರಲಾ, ಕೇಳೇ ಬಿಡೂಣು.”

“ಅವರಿಗೆ ಕೇಳಾಕ ಬರೂದಿಲ್ರಿ. ದೀಪಾವಳಿದು ಐತಿ.”

“ಹೌದ್ ಹೌದ್ರಿ” ಎಂದು ಆತ ಕೂಡಲೇ ತಲೆಯಾಡಿಸಿದ. ಅವನಿಗೂ ಒಬ್ಬ ಅಳಿಯ ಇದ್ದಿರಬೇಕು.

ಆರು ಕೋರಿನ ಪ್ರೊಸೆಸರು, ಎಂಟು ಜಿಬಿಯ ಕಾರ್ಡು ಎಂದು ಆಯಿತು. ಹದವಾದ ಜೋಡಿ, ಅಚ್ಚೂ ನಿಲ್ಲುವುದಿಲ್ಲ, ಕುಲುಮೆಯೂ ನಿಲ್ಲುವುದಿಲ್ಲ. ಆದರೆ ಅದೇ ಪ್ರೊಸೆಸರಿನಲ್ಲಿ ಎರಡು ಬಗೆ ಇದ್ದವು. ಒಂದರಲ್ಲಿ ಚಿತ್ರ ತೋರಿಸುವ ಸಣ್ಣ ಸೌಕರ್ಯ ಒಳಗೇ ಇರುತ್ತದೆ. ಕಾರ್ಡು ಇಲ್ಲದಿದ್ದರೂ ಪರದೆಯ ಮೇಲೆ ಏನಾದರೂ ಮೂಡುತ್ತದೆ, ಆಟಕ್ಕೆ ಮಾತ್ರ ಅಷ್ಟಕ್ಕಷ್ಟೇ. ಇನ್ನೊಂದರಲ್ಲಿ ಅದಿಲ್ಲ, ಆದ್ದರಿಂದ ಅಗ್ಗ. ಬೇರೆ ಕಾರ್ಡು ಹಾಕುತ್ತಿರುವಾಗ ಅಗ್ಗದ್ದೇ ಸಾಕು, ಉಳಿದದ್ದನ್ನು ಮಾನಿಟರಿಗೆ ಹಾಕಿ ಎಂದ ಮಾಲಕ. ನಾನು ನಕ್ಕೆ. ನಮ್ಮ ಫೌಂಡ್ರಿಯಲ್ಲಿ ಒಂದು ಪಂಪು ಓಡುತ್ತಿದ್ದರೆ ಬಾಜುವಿಗೆ ಇನ್ನೊಂದು ಸ್ಟ್ಯಾಂಡ್‌ಬೈ ಇರಲೇಬೇಕು. ನಾಳೆ ಕಾರ್ಡು ಕೆಟ್ಟರೆ? ದೀಪಾವಳಿಯ ದಿನವೇ ಕೆಟ್ಟರೆ? ತುಟ್ಟಿಯದನ್ನೇ ಕೊಡಿ ಎಂದು ಹಟ ಹಿಡಿದೆ. ಇಡೀ ಖರೀದಿಯಲ್ಲಿ ನಾನು ನನ್ನ ಅನುಭವದ ಮೇಲೆ ತೆಗೆದುಕೊಂಡ ಸ್ವತಂತ್ರ ನಿರ್ಧಾರ ಇದೊಂದೇ. ಇದರಿಂದಲೇ ಮುಂದಿನದೆಲ್ಲ ಆಯಿತು.

ಇನ್ನೊಂದು ಜಾಣತನವನ್ನೂ ಮಾಡಿದೆ. ಕಂಪ್ಯೂಟರಿನ ಡಬ್ಬಿಯ ಒಳಗಿನದನ್ನೆಲ್ಲ ಅಂಗಡಿಯವರೇ ಜೋಡಿಸಿ ಕೊಡುತ್ತಿದ್ದರು. ಮನೆಗೆ ಬಂದು ಹೊರಗಿನ ವಾಯರುಗಳನ್ನು ಹಚ್ಚಿ ಚಾಲೂ ಮಾಡಿ ಕೊಡಲು ಒಂದಿಷ್ಟು ತೆಗೆದುಕೊಳ್ಳುತ್ತೇವೆ ಎಂದರು. ಇಪ್ಪತ್ತು ಟನ್ ಕ್ರೇನು ನಿಲ್ಲಿಸಿದ ಕಾರಖಾನೆಯವನಿಗೆ ಪ್ಲಗ್ ಚುಚ್ಚಲು ಬರುವುದಿಲ್ಲವೇ? ಕ್ರೇನು ನಿಲ್ಲಿಸಿದವರು ಬೇರೆ, ನಾನು ಅದರ ಬಿಲ್ಲು ಪಾಸು ಮಾಡಿದವನು ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಡಬ್ಬಿಯ ಹಿಂಭಾಗದಲ್ಲಿ ಮಾನಿಟರಿನ ವಾಯರು ಕೂಡುವಂಥ ಕಿಂಡಿಗಳು ಎರಡು ಕಡೆ ಕಂಡವು. ಮೇಲೆ ಒಂದು, ಕೆಳಗೆ ಅಡ್ಡಲಾಗಿ ಇನ್ನೊಂದು. ಆಕಾರ ಒಂದೇ. ಕೆಳಗಿನದಕ್ಕೆ ಕರಿಯ ರಬ್ಬರಿನ ಟೊಪ್ಪಿಗೆ ಹಾಕಿತ್ತು. ನಮ್ಮ ಕಾರಖಾನೆಯಲ್ಲಿ ಟೊಪ್ಪಿಗೆ ಹಾಕಿದ ಪೈಪು ಎಂದರೆ ಬಳಕೆಯಲ್ಲಿಲ್ಲದ ಪೈಪು. ಮೇಲಿನದಕ್ಕೆ ಚುಚ್ಚಿದೆ. ಪರದೆ ಬೆಳಗಿತು. ನನಗಾದ ಸಂತೋಷಕ್ಕೆ ಪಾರವಿರಲಿಲ್ಲ. ಆಮೇಲೆ ಎಲ್ಲ ವಾಯರುಗಳನ್ನೂ ಒಟ್ಟು ಮಾಡಿ, ಪ್ಲಾಸ್ಟಿಕ್ಕಿನ ಪಟ್ಟಿಗಳಿಂದ ಬಿಗಿದು ಕಟ್ಟಿ, ಮೇಜನ್ನು ಗೋಡೆಗೆ ಒತ್ತಿ ಇಟ್ಟೆ. ನೋಡಿದವರು ಇಂಜಿನಿಯರ್ ಕಟ್ಟಿದ್ದು ಅನ್ನಬೇಕು, ಹಾಗಿತ್ತು.

ದೀಪಾವಳಿಗೆ ಸಾಗರ ಬಂದ. ಎಣ್ಣೆ ಸ್ನಾನವಾಯಿತು, ಹೊಸ ಬಟ್ಟೆಯಾಯಿತು. ಗಿರಿಜಾ ಕಂಪ್ಯೂಟರಿಗೆ ವಿಭೂತಿ, ಕುಂಕುಮ ಹಚ್ಚಿ, ಹೂವೇರಿಸಿ, ಅಳಿಯನಿಗೂ ಅದಕ್ಕೂ ಒಟ್ಟಿಗೇ ಆರತಿ ಮಾಡಿದಳು. ಗಾಜಿನ ಬಾಜುವಿನಿಂದ ಡಬ್ಬಿಯೊಳಗಿನ ಬಣ್ಣದ ದೀಪಗಳು ಕಾಣುತ್ತಿದ್ದವು. ಆರತಿ ಮುಗಿದ ಮೇಲೆ ನಾನು ಆರು ಕೋರು, ಎಂಟು ಜಿಬಿ ಎಂದು ಮಂತ್ರದ ಹಾಗೆ ಹೇಳಿದೆ. ಸಾಗರನ ಕಣ್ಣು ಅರಳಿದವು. ಮದುವೆಯಾದಂದಿನಿಂದ ಅವನ ಮುಖದಲ್ಲಿ ನಾನು ನೋಡಿರದ ಬೆಳಕು ಅದು. “ಇಷ್ಟೆಲ್ಲ ನೀವ ಆರಿಸಿದ್ರೇನ್ರಿ ಮಾವಾರ?” ಎಂದು ನಂಬಲಾಗದವನಂತೆ ಕೇಳಿದ. ಆಟ ಚಾಲೂ ಮಾಡಿದ. ಕಾರು ಎರಡು ಹೆಜ್ಜೆ ಓಡಿತು, ನಿಂತಿತು, ಮತ್ತೆ ಜಿಗಿಯಿತು. ಮಳೆಗಾಲದಲ್ಲಿ ಜಾಂಬೋಟಿ ರಸ್ತೆಯ ಬಸ್ಸು ಗುಂಡಿಯಿಂದ ಗುಂಡಿಗೆ ಹೋಗುತ್ತದಲ್ಲ, ಹಾಗೆ. ಸಾಗರ ಹುಬ್ಬು ಗಂಟಿಕ್ಕಿದ. ಬಗ್ಗಿ ಡಬ್ಬಿಯ ಹಿಂದೆ ಇಣುಕಿದ. ಆಮೇಲೆ ನೆಟ್ಟಗೆ ಕೂತು, ನನ್ನ ಮುಖ ನೋಡಿ, “ಭಾಳ ಛಲೋ ಐತ್ರಿ ಮಾವಾರ” ಎಂದ.

ನಾನು ಕುರ್ಚಿ ಎಳೆದುಕೊಂಡು ಅವನ ಬಾಜುವಿಗೇ ಕೂತೆ. ಚಕ್ಕುಲಿಯ ತಾಟು ನಡುವೆ ಇಟ್ಟುಕೊಂಡು, ಅವನು ಆಡಿ ಮುಗಿಸುವವರೆಗೂ ಏಳಲಿಲ್ಲ. ಅಳಿಯನನ್ನು ಒಬ್ಬನೇ ಬಿಡುವುದು ಉಪಚಾರಕ್ಕೆ ಕಡಿಮೆ ಅಲ್ಲವೇ.

ಗಾಳಕ್ಕೆ ಮೀನು ಬಿತ್ತು ಎಂದುಕೊಂಡೆ. ರವಿವಾರಗಳಂದು ಇಬ್ಬರೂ ಬರತೊಡಗಿದರು. ಆದರೆ ಅವನು ಈಗ ಸೋಫಾದ ಅಂಚಿನ ಬದಲು ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದ, ಅಷ್ಟೇ ಫರಕು. ಆಟದ ಚಿತ್ರವನ್ನೆಲ್ಲ ಮಸುಕು ಮಾಡಿ, ಮರಗಳನ್ನು ತೆಗೆಸಿ, ನೆರಳನ್ನು ತೆಗೆಸಿ, ಕಾರನ್ನು ಹೇಗೋ ತಳ್ಳಿಕೊಂಡು ಹೋಗುವಂತೆ ಓಡಿಸಿ, ಚಹಾ ಕುಡಿದು ಎದ್ದುಬಿಡುತ್ತಿದ್ದ. “ನೀವು ಹೊರಗ ಕುಂದರ್ರಿ ಮಾವಾರ, ನಿಮಗ ಬೇಜಾರ ಆಗತೈತಿ” ಎಂದು ಆಗಾಗ ಅನ್ನುತ್ತಿದ್ದ. “ಏ, ಬೇಜಾರೆಂಥಾದ್ರಿ!” ಎಂದು ನಾನು ಇನ್ನಷ್ಟು ಹತ್ತಿರ ಸರಿಯುತ್ತಿದ್ದೆ. ಮಗಳು ಮತ್ತೆ ಬಾಗಿಲಲ್ಲಿ ನಿಂತು “ಹೋಗೂಣೇನ್ರಿ?” ಎನ್ನುತ್ತಿದ್ದಳು. ನನಗೆ ಒಳಗೊಳಗೇ ಖಾತ್ರಿಯಾಯಿತು. ಕಾರ್ಡು ಸಾಲದು. ಎಂಟು ಜಿಬಿ ಎಂದು ಜಿಪುಣತನ ಮಾಡಿದೆ. ಭಾರಿ ಕಾರ್ಡು ಹಾಕಿಸಬೇಕು.

ಚಳಿಗಾಲಕ್ಕೆ ಬೀಗರು ನನ್ನನ್ನೂ ಗಿರಿಜಾಳನ್ನೂ ಊಟಕ್ಕೆ ಕರೆದರು. ಮಳೆ ನಿಂತು ಭಟ್ಟಿ ಶುರುವಾಗಿತ್ತು; ಖಾನಾಪುರದ ಅವರ ಅಂಗಳದವರೆಗೂ ಕೆಂಪು ಧೂಳು. ಊಟವಾಗಿ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಬೀಗರು, “ಮಸ್ತ ಕಂಪ್ಯೂಟರ್ ಕೊಟ್ಟೀರಂತ್ರಿ ಬೀಗರ, ನಮ್ಮ ಹುಡುಗ ಭಾಳ ಹೇಳ್ತಾನ” ಎಂದರು. ಹೊಗಳಿಕೆ ಕೇಳಿ ನನಗೆ ತಡೆಯಲಾಗಲಿಲ್ಲ. ಅದೇನು ಮಹಾ, ಈಗಿನ ಕಾರ್ಡು ತೆಗೆದು ಇದರಪ್ಪನಂಥದ್ದು ಹಾಕಿಸುತ್ತಿದ್ದೇನೆ, ಕಾಲೇಜ್ ರೋಡಿನವನಿಗೆ ಹೇಳಿ ಆಗಿದೆ, ಹಳೆಯದನ್ನು ಅವನು ಅರ್ಧ ಬೆಲೆಗೆ ವಾಪಸು ತೆಗೆದುಕೊಳ್ಳುತ್ತಾನೆ, ನಾಳೆಯೇ ಕೆಲಸ ಎಂದೆ.

ಮೂಲೆಯಲ್ಲಿ ಕೂತಿದ್ದ ಸಾಗರ ತಲೆ ಎತ್ತಿದ. “ಹಂಗ ಮಾಡಬ್ಯಾಡ್ರಿ ಮಾವಾರ.”

“ನೀವು ಸಂಕೋಚ ಮಾಡ್ಕೋಬ್ಯಾಡ್ರಿ ಅಳಿಯಾರ.”

“ಸಂಕೋಚ ಅಲ್ರಿ, ಅದ ಕಾರ್ಡ್ ಇರ್ಲಿ.”

“ನಾ ನೋಡೀನ್ರಲಾ, ಅದು ಓಡೂದ ಇಲ್ಲ. ನಾಳೆ ಒಯ್ದು ಕೊಟ್ಟ ಬಿಡ್ತೀನಿ.”

“ಅಯ್ಯ! ಆ ಕಾರ್ಡ್ ಒಂದ ದಿವಸನೂ ಓಡೇ ಇಲ್ರಿ!” ಸಾಗರ ಎದ್ದೇ ನಿಂತ. ಅವನ ದನಿ ಪಡಸಾಲೆಯ ಹೆಂಚಿಗೆ ಮುಟ್ಟಿತು. “ನೀವು ವಾಯರ್ ಹಚ್ಚಿದ್ದ ತಪ್ಪೈತಿ! ಮ್ಯಾಲಿನ ಕಿಂಡ್ಯಾಗ ಹಾಕೀರಿ, ಅದು ಬೋರ್ಡಿಂದು. ಕಾರ್ಡಿಂದು ಕೆಳಗೈತಿ, ಟೊಪಗಿ ಹಾಕಿದ್ದು. ಅದರ ಟೊಪಗಿನೂ ತಗದಿಲ್ಲ ನೀವು! ಅಂಥಾ ಕಾರ್ಡ್ ಸುಮ್ಮ ಕುಂತೈತಿ, ಪ್ರೊಸೆಸರ್ ಒಳಗಿನ ಸಣ್ಣದು ಒಂದ ಎಲ್ಲಾ ಎಳ್ಯಾಕತ್ತೈತಿ. ಮತ್ತ ಅದನ್ನ ಅರ್ಧಾ ರೊಕ್ಕಕ್ಕ ಮಾರ್ತೀನಿ ಅಂತೀರಲ್ರಿ!”

“ಅರೆ ಸಾಗರ, ಮಾವಾರ ಜೋಡಿ ಹಿಂಗ ಮಾತಾಡ್ತಾರೇನು?” ಎಂದು ಬೀಗರು ಗದರಿಸಿದರು. ಸಾಗರ ಹೇಗೆ ಎದ್ದನೋ ಹಾಗೇ ಕೂತುಬಿಟ್ಟ. ನನ್ನ ಬಾಯಲ್ಲಿ ಎಲೆ ಇತ್ತು, ಅಡಿಕೆ ಇತ್ತು, ಅಗಿಯುವುದು ಮರೆತಿತ್ತು. ಆ ಅಗ್ಗದ ಪ್ರೊಸೆಸರನ್ನೇ ಕೊಂಡಿದ್ದರೆ ಪರದೆ ಮೊದಲ ದಿನವೇ ಕಪ್ಪಗಿರುತ್ತಿತ್ತು, ತಪ್ಪು ಆಗಲೇ ತಿಳಿಯುತ್ತಿತ್ತು. ಸ್ಟ್ಯಾಂಡ್‌ಬೈ ಬೇಕೆಂದು ಹಟ ಹಿಡಿದವನು ಯಾರು? ಆ ಬಡಪಾಯಿ ಸ್ಟ್ಯಾಂಡ್‌ಬೈ ದೀಪಾವಳಿಯಿಂದ ಒಬ್ಬಂಟಿಯಾಗಿ ದುಡಿಯುತ್ತಿತ್ತು.

“ಯಾವಾಗ ಗೊತ್ತಾತ್ರಿ ನಿಮಗ?” ಎಂದು ಕೇಳಿದೆ.

“ದೀಪಾವಳಿ ದಿವಸನ.”

“ಹೇಳಬಾರದೇನ್ರಿ?”

“ಹೆಂಗ ಹೇಳೂದ್ರಿ? ಅಷ್ಟ ಪ್ರೀತಿಲೆ ಮಾಡೀರಿ. ಅದರಾಗ ಅತ್ತಿಯವ್ರು ಆರತಿ ಬ್ಯಾರೆ ಮಾಡಿದ್ರು.”

ಅಷ್ಟರಲ್ಲಿ ಅಕ್ಷತಾ ಒಳಗಿನಿಂದ ಬಂದಳು. “ಪಪ್ಪಾ, ಆ ಪಟ್ಟಿ ಕತ್ತರಸಾಕಂತ ಇವ್ರು ಕಿಸೆದಾಗ ಸಣ್ಣ ಕತ್ತರಿ ಇಟ್ಕೊಂಡ ಬರ್ತಿದ್ರು. ಪ್ರತಿ ರವಿವಾರ! ನೀವು ಒಂದ ಮಿನಿಟ್ ಬಾಜುಕಿಂದ ಏಳ್ಬೇಕಲ್ಲ!”

“ನಾನೂ ಎಷ್ಟ ಸಲ ಕರದೆ, ಅಂಗಡಿಗೆ ಹೋಗಿ ಬರ್ರಿ ಅಂತ” ಎಂದಳು ಗಿರಿಜಾ. ಅಂದರೆ ಇವಳಿಗೂ ಗೊತ್ತಿತ್ತು. ರವಿವಾರ ರವಿವಾರ ಮನೆಯಲ್ಲಿ ಸಾಸಿವೆ ಖಾಲಿಯಾಗುತ್ತಿದ್ದುದರ ಗುಟ್ಟು ಇದಾಗಿತ್ತು. ನಾನು ಅಂಗಡಿಗೆ ಫೋನು ಮಾಡಿ ಸಾಸಿವೆ ತರಿಸುತ್ತಿದ್ದೆ, ಅಳಿಯನ ಬಾಜು ಬಿಟ್ಟು ಏಳುತ್ತಿರಲಿಲ್ಲ.

ನಾಚಿಕೆಯಾಯಿತು ಎಂದು ಬರೆಯಬೇಕು. ಆಗಿದ್ದು ನಿಜ. ಆದರೆ ಅದರ ಅಡಿಯಲ್ಲಿ ಇನ್ನೇನೋ ಹಿಗ್ಗು. ಈ ಹುಡುಗ ನನ್ನ ಮನಸ್ಸು ನೋಯದಿರಲಿ ಎಂದು ಮಸುಕು ಪರದೆಯಲ್ಲಿ ಮರವಿಲ್ಲದ ದಾರಿಯಲ್ಲಿ ಅಷ್ಟು ರವಿವಾರ ಕಾರು ತಳ್ಳಿದ. ನಾನೋ, ಬರ್ರಿ ಕುಂದರ್ರಿ ಎಂದು ಮರ್ಯಾದೆ ಕೊಟ್ಟೂ ಕೊಟ್ಟೂ ಅವನನ್ನು ಅಂಚಿಗೆ ದೂಡಿದ್ದೆ. ಅವನ ಬೆನ್ನು ಕುರ್ಚಿಗೆ ತಾಗದಿರಲು ಕಾರಣ ನಾನೇ. ಮಾವ ಬಾಜುವಿಗೆ ನೆಟ್ಟಗೆ ಕೂತಿರುವಾಗ ಯಾವ ಅಳಿಯ ಒರಗುತ್ತಾನೆ? ಇವತ್ತು ಅವನು ತನ್ನ ತಂದೆಯ ಎದುರಿಗೇ ನನ್ನ ಮೇಲೆ ರೇಗಿದ. ಒಬ್ಬರ ಮೇಲೆ ಹಾಗೆ ರೇಗಬೇಕಾದರೆ ಅವರ ರೊಕ್ಕ ಹಾಳಾಗುವುದನ್ನು ಕಂಡು ಹೊಟ್ಟೆ ಉರಿಯಬೇಕು. ಬೇರೆಯವರ ರೊಕ್ಕಕ್ಕೆ ಯಾರ ಹೊಟ್ಟೆಯೂ ಹಾಗೆ ಉರಿಯುವುದಿಲ್ಲ. ಇದನ್ನೆಲ್ಲ ಬೀಗರಿಗೆ ಬಿ‌ಡಿಸಿ ಹೇಳುವಷ್ಟು ಜಾಣ್ಮೆ ಆಗ ಬರಲಿಲ್ಲ. “ಬೈಯ್ಲಿ ಬಿಡ್ರಿ ಬೀಗರ, ತಪ್ಪ ನಂದ ಐತಿ” ಎಂದಷ್ಟೇ ಹೇಳಿ, ಎಲೆ ನುಂಗಿದೆ.

“ನಡೀರಿ, ಈಗ ಹೋಗಿ ಸುದ್ದ ಮಾಡೂಣು” ಎಂದ ಸಾಗರ. ಅವನಿಗೆ ಅಷ್ಟು ದಿನದ ತಹತಹ. ಇಳಿಹೊತ್ತಿಗೆ ನಾವು ನಾಲ್ವರೂ ಬೆಳಗಾವಿ ಮುಟ್ಟಿದೆವು. ಅವನು ಚಪ್ಪಲಿ ಬಿಟ್ಟವನೇ ಸೀದಾ ಅಕ್ಷತಾಳ ಕೋಣೆಗೆ ಹೋಗಿ, ಮೇಜು ಜಗ್ಗಿ, ನೆಲದ ಮೇಲೆ ಮಂಡಿಯೂರಿ, ನನ್ನ ಕರಕುಶಲವನ್ನು ಕತ್ತರಿಸತೊಡಗಿದ. “ಇಷ್ಟ ಬಿಗೀ ಯಾರು ಕಟ್ಟತಾರ್ರಿ? ವಾಯರ್ ಏನ ಓಡಿ ಹೋಗತಿತ್ತೇನು?” ಎಂದು ಮೇಜಿನ ಅಡಿಯಿಂದಲೇ ಕೇಳಿದ. ನಾನು ಟಾರ್ಚು ಹಿಡಿದು ನಿಂತಿದ್ದೆ. ಸರಿಯಾಗಿ ಹಿಡೀರಿ, ಇತ್ತ ಅಲ್ಲ ಅತ್ತ, ಎಂದ. ಅತ್ತ ಹಿಡಿದೆ. ವಾಯರು ಕೆಳಗಿನ ಕಿಂಡಿಗೆ ಕೂತಿತು.

ಪರದೆಯ ಮೇಲೆ ದಾರಿ ಮೂಡಿತು. ನಾನು ಅಷ್ಟು ದಿನ ನೋಡಿದ್ದು ಆ ದಾರಿಯೇ ಅಲ್ಲ. ಎರಡೂ ಕಡೆ ಕಾಡು, ಡಾಂಬರಿನ ಮೇಲೆ ಈಗಷ್ಟೇ ನಿಂತ ಮಳೆಯ ಹೊಳಪು, ತಿರುವಿನಲ್ಲಿ ಕಾರಿನ ಮೈಮೇಲೆ ಹರಿದುಹೋಗುವ ಎಲೆಗಳ ನೆರಳು. ಕಾರು ನೀರಿನಂತೆ ಹರಿಯಿತು. ಸಾಗರ “ಆಯ್ಲಾ!” ಎಂದು ಮರಾಠಿಯಲ್ಲಿ ಕೂಗಿದ. ಕಾಲೆತ್ತಿ ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿಕೊಂಡ, ಬೆನ್ನು ಪೂರಾ ಹಿಂದಕ್ಕೆ ಒರಗಿಸಿದ, ತಲೆ ಹೊರಳಿಸದೆಯೇ “ಅತ್ತೀ, ಚಾ ಇಡ್ರಿ, ಇವತ್ತ ಊಟಾನೂ ಇಲ್ಲೇ” ಎಂದು ಅಡುಗೆಮನೆಗೆ ಕೇಳುವಂತೆ ಹೇಳಿದ. ಅಲ್ಲಿ ಅಕ್ಷತಾ ಏನೋ ಹೇಳಿ ನಕ್ಕದ್ದು, ಗಿರಿಜಾ ಡಬ್ಬಿ ತೆಗೆದದ್ದು ಕೇಳಿಸಿತು. ಬಾಗಿಲಿಗೆ ಬಂದು ಹೋಗೂಣೇನ್ರಿ ಎನ್ನುವವರು ಯಾರೂ ಇರಲಿಲ್ಲ.

ನಾನು ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡು ಅವನ ಬಾಜುವಿಗೆ ಹೋದೆ. ಮೂರನೆಯ ತಿರುವಿನಲ್ಲಿದ್ದ ಅವನು ಪರದೆಯಿಂದ ಕಣ್ಣು ಕೀಳದೆ, ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಳ್ಳಿದ.

“ಮಾವಾರ, ಆ ಕಡೆ ಸರೀರಿ. ಕೈ ಆಡಸಾಕ ಜಾಗಾ ಇಲ್ಲ.”

ನಾನು ಸರಿದೆ. ಕಂತು ಕಟ್ಟಿ ತೀರಿಸಿದ ನನ್ನ ಸ್ವಂತ ಮನೆಯಲ್ಲಿ, ಇಷ್ಟು ಖುಷಿಯಿಂದ ನಾನು ಇನ್ನೊಬ್ಬರಿಗೆ ಜಾಗ ಬಿಟ್ಟದ್ದು ಅದೇ ಮೊದಲು.